ಹದಿನಾಲ್ಕು ಸುತ್ತು

ಗಾಜಿಪುರದ ವಾಲ್ವಿಗೆ ಹದಿನಾಲ್ಕು ಸುತ್ತು,
ಬ್ರಹ್ಮಪುರಕ್ಕ ಹನ್ನೊಂದೂವರಿ.
ಮೋಮಿನಪುರದ್ದು ಹಳೇದು, ಒಂಬತ್ತಕ್ಕ ನಿಂತುಬಿಡ್ತದ,
ಮ್ಯಾಲ ಒತ್ತಿದರ ಕೀಲಿನೇ ಬಾಗ್ತದ.
ಇಪ್ಪತ್ತೆರಡು ವರ್ಷ ಇದೇ ಲೆಕ್ಕ ನಂದು.
ಐದು ದಿನಕ್ಕೊಮ್ಮೆ ನೀರು;
ನನ್ನ ಸೈಕಲ್ಲಿನ ಸಪ್ಪಳಕ್ಕ
ಓಣಿ ತುಂಬ ಕೊಡ ಎದ್ದು ಕೂಡ್ತಾವ.

ಜಗದೇವಿ ರೊಟ್ಟಿ ಬಡಿಯೋದು ಮಾತ್ರ ಎಣಿಸಿದ್ದಿಲ್ಲ.
ಖಾನಾವಳಿಗೆ ದಿನಾ ನೂರು.
ಈ ಬ್ಯಾಸಗ್ಯಾಗ ಅರವತ್ತಕ್ಕ ಕೈಬಿಟ್ಟಳು,
ಆಮ್ಯಾಲ ನಲವತ್ತಕ್ಕ,
ಒಂದಿನ ಹಿಟ್ಟು ನಾದಿ
ಹಂಗೇ ಗ್ವಾಡಿಗೆ ಆತು ಕುಂತಳು.
‘ಝಳ’ ಅಂದಳು.
ಕಲಬುರಗ್ಯಾಗ ಏನಾದರೂ ಝಳಾನೇ.
ನಾನೂ ಹೌದಂದೆ.

ರಾತ್ರಿ ಒಂದು ದಿಂಬು ಎರಡಾತು, ಎರಡು ಮೂರಾತು.
ಅಂಗಾತ ಮಲಗಿದರ ಎದಿ ಮ್ಯಾಲ ಯಾರೋ ಕುಂತಂಗಂತ.
ನಡುರಾತ್ರಿ ಎದ್ದು ಕಿಟಕಿ ಸಳಿ ಹಿಡಕೊಂಡು
ಗಾಳಿಗೆ ಪಾಳಿ ಹಚ್ಚಿ ನಿಲ್ತಿದ್ದಳು.

ಡಾಕ್ಟರಮ್ಮ ಸಬೀಹಾ ಪರದೆ ತಿರುಗಿಸಿ ತೋರಿಸಿದರು:
ಕೆಂಪು, ನೀಲಿ, ನಡುವ ಬಡಕೊಳ್ಳೋ ಬೆಳ್ಳಗಿನದೇನೋ.
‘ವಾಲ್ವು ಕೆಟ್ಟದ’ ಅಂದರು.
ನಂಗ ನಗು ಬಂತು.
ತಪ್ಪು ಜಾಗಾದಾಗ ಬಂದ ನಗು,
ನುಂಗಲಿಕ್ಕೂ ಆಗಲಿಲ್ಲ.

ಉಳ್ಳಾಗಡ್ಡಿ ಪೊರಿಯಂಥ ಎರಡು ಪದರಂತ ಅವು,
ಈಗ ಬಿಸಲಾಗ ಬಿಟ್ಟ ತೊಗಲಿನಂಗ ಬಿರುಸಾಗಿ
ಅಂಚಿಗೆ ಅಂಚು ಕಚ್ಚಿಕೊಂಡಾವ.
ಎರಡು ಬೆರಳು ಹಾಯೋ ದಾರ್ಯಾಗ
ಪೆನ್ಸಿಲು ಹಾಯ್ದರ ಹೆಚ್ಚು.
ಮುಂದ ಹೋಗಲಾರದ ರಕ್ತ ಹಿಂದ ನಿಂತು
ಮ್ಯಾಲಿನ ಕೋಣಿ ಹಿಗ್ಗ್ಯದ, ಹಿಗ್ಗಿದ್ದು ಲಯ ತಪ್ಪ್ಯದ,
ಅಲ್ಲಿಂದ ಒತ್ತಡ ಪುಪ್ಪುಸಕ್ಕ...

ಸಾಕ್ರಿ ಅಮ್ಮಾ, ಅಂದೆ. ಮೋಮಿನಪುರ.
ಬಾಯಿ ಬಿಗದ ವಾಲ್ವಿನ ಹಿಂದ ಪೈಪು ನರಳತದ,
ಜೋಡಣಿ ಬೆವರತಾವ,
ಯಾರದೋ ಮನಿ ನೆಲ ಒಳಗಿಂದ ಹಸೀ ಆಗತದ.
ಈಕಿ ಕೆಮ್ಮು ಆ ಹಸಿ, ಹೌದಲ್ರಿ?
ಅವರು ಪೆನ್ನು ಕೆಳಗಿಟ್ಟು ನನ್ನ ನೋಡಿದರು.

‘ಸಣ್ಣಾಕಿದ್ದಾಗ ಮೊಣಕಾಲು ಬಾತಿತ್ತಾ?’
ಬಾತಿತ್ತು. ಆಳಂದದ ಕಡಿ, ಒಂಬತ್ತನೇ ವರ್ಷ.
ಮೊದಲ ಗಂಟಲು, ಆಮ್ಯಾಲ ಜ್ವರ,
ಆಮ್ಯಾಲ ಒಂದು ಕಾಲು ಬಿಟ್ಟು ಇನ್ನೊಂದಕ್ಕ,
ಬ್ಯಾನಿ ಬೀಗರ ಮನಿ ತಿರಗಿದಂಗ.
ಅವ್ವ ಕುಸುಬಿ ಎಣ್ಣಿ ತಿಕ್ಕಿ
‘ಬೆಳ್ಯೋ ಹುಡುಗಿ, ಎಲುಬು ನೋಯ್ತಾವ’ ಅಂದಿದ್ದಳಂತ.
ಮೊಣಕಾಲು ಮರೀತು.
ಎದಿ ಬರದಿಟಗೊಂಡಿತ್ತು.

ಆಪರೇಷನ್ ದಿನ ಫೋನಿನ ಮ್ಯಾಲ ಫೋನು.
ಗಾಜಿಪುರಕ್ಕ ನೀರಿಲ್ಲ, ಎಲ್ಲಿ ಸತ್ತೀ ಅಂಬಾರಾಯ,
ನಿನ್ನ ಮನಿ ಹಾಳಾಗ.
ಬೈಲಿ. ನೀರಿಲ್ಲದೋರು ಬೈಬೇಕು.
ಒಳಗ ಆಕಿ ಎದಿ ತೆರದಿದ್ದರು.
ಗಾಜಿನ ಬಾಗಿಲಿನ ಹೊರಗ ನನ್ನ ಎರಡೂ ಕೈ ಖಾಲಿ,
ಕೀಲಿ ಇಲ್ಲದ ಕೈ ಎಲ್ಲಿಡಬೇಕು ತಿಳೀಲಿಲ್ಲ.

ಈಗ ಒಳಗ ಲೋಹದ್ದು ಕೂತದ.
ರಕ್ತ ತೆಳ್ಳಗಿಡೋ ಗುಳಿಗಿ ದಿನಾ ಸಂಜಿ ಏಳಕ್ಕ,
ರೊಟ್ಟಿ ಸುಟ್ಟರ ನಡೀತದ, ಇದು ಮರತರ ನಡ್ಯಂಗಿಲ್ಲ.
ಪುಂಡಿಪಲ್ಯ ಒಂದಿನ ಬುಟ್ಟಿಗಟ್ಲೆ ಒಂದಿನ ಉಪವಾಸ,
ಹಂಗ ಮಾಡಬ್ಯಾಡ್ರಿ ಅಂದಾರ.
ಕುಡುಗೋಲು ಮುಟ್ಟುವಾಗ ನಾನೇ ಮುಂದ ಹೋಗತೀನಿ.
ಆಕಿಗೆ ಅದೂ ಸಿಟ್ಟು.

ನಿನ್ನೆ ರಾತ್ರಿ ಕರೆಂಟು ಹೋತು, ಫ್ಯಾನು ನಿಂತಿತು.
ಕತ್ತಲದಾಗ ಟಿಕ್, ಟಿಕ್.
ಚಟ ನೋಡ್ರಿ, ಹದಿನಾಲ್ಕರ ತನಕ ಎಣಿಸಿ
ನಿಲ್ಲಿಸಲಿಕ್ಕೆ ಕೈ ಚಾಚಿದೆ.
‘ಏನೆಣಸ್ತಿ?’
ಏನಿಲ್ಲ.
ಟಿಕ್ಕು ಜೋರಾತು.
‘ಮೊದಲ ಸಿಟ್ಟು ಬಂದರ ಮುಚ್ಚಿಡ್ತಿದ್ದೆ,
ಈಗ ಇದು ಚಾಡಿ ಹೇಳ್ತದ’ ಅಂತ ನಕ್ಕಳು.
ಒಂದೇ ದಿಂಬು. ಅಂಗಾತ.

ನಾಳಿ ಮೋಮಿನಪುರದ ಪಾಳಿ.
ಅಲ್ಲಿಗೆ ಹೊಸ ವಾಲ್ವು ಬೇಕಂತ ಅರ್ಜಿ ಕೊಟ್ಟು
ಆರು ವರ್ಷಾತು.