ಶ್ರುತಿ ಹಿಡಿದವನು

ಗ್ಯುಮ್ರಿಯಲ್ಲಿ ಜನವರಿ. ಕಿಟಕಿಗೆ ಎರಡು ಕಂಬಳಿ ಹೊಡೆದಿದ್ದೇನೆ
ಟ್ರಕ್ಕುಗಳ ಸದ್ದಿಗೆ; ಚಳಿಯೂ ತಡೆದರೆ ಅದು ಲಾಭ.
ಗಡಿಯಾರವನ್ನು ಬಚ್ಚಲಿಗೆ ಗಡೀಪಾರು ಮಾಡಿದ್ದಾಯಿತು.
ಫ್ರಿಜ್ ಆರಿಸಿ ಮನೆಯ ಬೀಗದ ಕೈ ಅದರೊಳಗೇ ಇಟ್ಟೆ,
ಹೊರಡುವಾಗ ಮತ್ತೆ ಹಚ್ಚಲು ಮರೆಯಬಾರದಲ್ಲ.

ಇರುವುದು ಒಂದೇ ಮೈಕು.
ಊದುವವರು ಇಬ್ಬರು:
ಹಾಡು ನುಡಿಸುವವ ಮ್ಖಿತಾರ್,
ಒಂದೇ ಸ್ವರ ಹಿಡಿದು ಕೂರುವವ ಗೆಘಾಮ್.
ಎರಡು ದುದುಕ್ಕೂ ಒಂದೇ ಏಪ್ರಿಕಾಟ್ ಮರದ್ದಂತೆ.
ಕಡಿದವನಿಗೇನು ಗೊತ್ತು
ಯಾವ ಕೊಂಬೆ ಕತೆ ಹೇಳುತ್ತದೆ, ಯಾವುದು ಹೂಂಗುಟ್ಟುತ್ತದೆ ಎಂದು.

ಮೊದಲು ತುದಿಗೆ ಹಿಡಿದೆ, ಎಲ್ಲರೂ ಹಿಡಿಯುವ ಹಾಗೆ.
ಬಂದದ್ದು ಬಾವಿಯೊಳಗಿನ ನೆಗಡಿ.
ಬಾಯಿಯ ಹತ್ತಿರ ತಂದರೆ ಬರೀ ಉಸಿರು, ಎಂಜಲು,
ಜೊಂಡಿನ ನಾಲಗೆಯ ಚಪ್ಪರಿಕೆ.
ನಾದ ಒಂದೇ ಬಾಗಿಲಿಂದ ಹೊರಡುವುದಿಲ್ಲ,
ಬೆರಳೆತ್ತಿದ ತೂತಿನಿಂದೆಲ್ಲ ಸೋರುತ್ತದೆ.
ಒಂದು ಗೇಣು, ಮೇಲೆ ನಾಲ್ಕು ಬೆರಳು,
ಎಡಗೈಯ ಉಂಗುರ ಬೆರಳಿನ ಕಡೆಗೆ ಓರೆಯಾಗಿ,
ಗುಟ್ಟು ಕೇಳಲು ಬಾಗಿದ ನೆರೆಮನೆಯವಳ ಹಾಗೆ...
ಅಲ್ಲಿ ಸಿಕ್ಕಿತು.

ಆದರೆ ಗೆಘಾಮ್ ಜೋರು.
ಒಂದೇ ಸ್ವರ, ಆದರೂ ಕೋಣೆ ತುಂಬ ಅವನೇ.
"ಒಂದು ಮೊಳ ಹಿಂದೆ, ಗೆಘಾಮ್ ಮಾಮ." ಕುರ್ಚಿ ಸರಿಯಿತು.
"ಇನ್ನೊಂದು ಮಾರು." ಬೆನ್ನು ಗೋಡೆಗೆ ತಾಗಿತು.
ಮೂಲೆಗೆ ಕೂರಿಸಿದರೆ
ಮೂಲೆಯೇ ಇನ್ನೊಬ್ಬ ಗೆಘಾಮ್ ಆಗಿ ಗುಂಯ್‌ಗುಟ್ಟಿತು.
ಬಾಗಿಲಾಚೆ.
ಅದರಾಚೆ.
ಕೊನೆಗೆ ಅಡುಗೆಮನೆ, ಆರಿದ ಫ್ರಿಜ್ಜಿನ ಪಕ್ಕ,
ಸ್ಟೂಲಿನ ಮೇಲೆ, ಕೋಟು ತೊಟ್ಟು.
"ನಲವತ್ತು ವರ್ಷದಿಂದ ಫೋಟೋಗಳಲ್ಲೂ ನಾನು ಅಂಚಿನಲ್ಲೇ"
ಅಂದ, ನಕ್ಕ, ಕೆನ್ನೆ ಉಬ್ಬಿಸಿ ಕಣ್ಣು ಮುಚ್ಚಿದ.

ಈಗ ಹದ.
ದೂರದ ಸ್ವರ ನೆಲವಾಯಿತು.
ಮ್ಖಿತಾರನ ಹಾಡು ಅದರ ಮೇಲೆ ಬರಿಗಾಲಲ್ಲಿ ನಡೆದು
ನಡುವೆ ಒಮ್ಮೆ ಎಡವಿ, ಎಡವಿದ್ದನ್ನೂ ರಾಗ ಮಾಡಿಕೊಂಡು
ಮನೆ ಸೇರಿತು. ಅವನು ದುದುಕ್ ತೊಡೆಯ ಮೇಲಿಟ್ಟ.
ನಾನು ಗುಂಡಿಗೆ ಕೈ ಚಾಚಿದೆ.

ಅಡುಗೆಮನೆಗೆ ಸುದ್ದಿ ಮುಟ್ಟಿರಲಿಲ್ಲ.
ತನ್ನ ಸ್ವರವೇ ಕಿವಿ ತುಂಬಿರುವವನಿಗೆ
ಎರಡು ಬಾಗಿಲಾಚೆಯ ಹಾಡು ಮುಗಿದದ್ದು ತಿಳಿಯುವುದೆಂತು?
ಅವನು ನಿಲ್ಲಿಸುತ್ತಿದ್ದದ್ದು ಯಾವಾಗಲೂ ಮ್ಖಿತಾರನ ಭುಜ ನೋಡಿ.
ಅಲ್ಲಿ ಭುಜವಿಲ್ಲ. ತಣ್ಣನೆಯ ಒಲೆ, ಒಂದು ಈರುಳ್ಳಿ.
ಸ್ವರ ಬರುತ್ತಲೇ ಇತ್ತು,
ಮೂಗಿನಿಂದ ಒಳಗೆ, ಕೆನ್ನೆಯಿಂದ ಹೊರಗೆ,
ಎಲ್ಲೂ ಹೊಲಿಗೆ ಕಾಣದ ಬಟ್ಟೆಯ ಹಾಗೆ.

ಕರೆಯಲು ಎದ್ದೆ.
ಮ್ಖಿತಾರ್ ನನ್ನ ತೋಳು ಹಿಡಿದ,
ಇನ್ನೊಂದು ಕೈಯ ಬೆರಳು ತುಟಿಗೆ.
ಈ ನಲವತ್ತು ವರ್ಷ ಅವನು ಆ ಸ್ವರದ ಮೇಲೆ ನಡೆದಿದ್ದ,
ಅದನ್ನು ಕೇಳಿರಲಿಲ್ಲ.

ಎಷ್ಟು ಹೊತ್ತೋ, ಗಡಿಯಾರ ಬಚ್ಚಲಲ್ಲಿತ್ತು.
ಸ್ಟ್ಯಾಂಡಿನ ತಿರುಪು ಸಡಿಲಿಸಿ
ಮೈಕನ್ನು ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದೆ.
ಆಗ ಆದ ಕಿರ್ ಎಂಬ ಸದ್ದೂ ಅದರಲ್ಲಿದೆ.
ಅಳಿಸಿಲ್ಲ.