ನೀಲಿ ಬಿಲ್ಲೆ

ಟಾಡ್‌ಮರ್ಡನ್ನಿನಲ್ಲಿ, ಕಾಲುವೆ ಪಕ್ಕ,
ಹಳೇ ಮೆಥಡಿಸ್ಟ್ ಚಾಪೆಲ್ಲು.
ದೇವರು ಖಾಲಿ ಮಾಡಿದ ಮೇಲೆ ಕಾರ್ಪೆಟ್ ಅಂಗಡಿ ಬಂತಂತೆ,
ಕಾರ್ಪೆಟ್ಟಿನವನು ನೆರೆಗೆ ಹೆದರಿ ಬಿಟ್ಟನಂತೆ.
ಈಗ ಗುರುವಾರ ಸಂಜೆ ನಾವು ನಾಲ್ವರು, ಒಂದು ಹೀಟರು,
ಮೇಜಿನಗಲ ಒಂದು ಭೂಖಂಡ.

ಸ್ತೋತ್ರದ ಸಂಖ್ಯೆ ತೋರಿಸುವ ಹಲಗೆ ಗೋಡೆಯ ಮೇಲೆ ಇನ್ನೂ ಇದೆ.
ಅದರಲ್ಲೇ ಸುತ್ತು ಎಣಿಸುತ್ತಾಳೆ ನೆರಿಸ್.
ನಲವತ್ತೊಂದನೇ ಸುತ್ತಿನಲ್ಲಿ
ನಾನೊಂದು ಧರ್ಮ ಸ್ಥಾಪಿಸಿದೆ.

ಹಗಲೆಲ್ಲ ಕಂಡವರ ಬಾಯಿಗೆ ಹಲ್ಲು ಕಟ್ಟುವ ಕೈ,
ದೇವರು ಕಟ್ಟುವುದು ಅಷ್ಟೇನೂ ಕಷ್ಟವಾಗಲಿಲ್ಲ.
ಒಂದು ನೀಲಿ ಬಿಲ್ಲೆ. ಒಂದು ಹೆಸರು: ಕೊಟ್ಟವ್ವ.
ವರದ ಚೀಟಿಗಳಲ್ಲಿ ಎರಡು ಎತ್ತಬೇಕು.
ಸ್ಥಾಪಿಸಿದವಳಿಗೆ, ನಂಬಿದ ಊರೊಂದಕ್ಕೆ ಒಂದು ನಾಣ್ಯ.
ನಂಬಿದ ಊರಿಗೆ, ಅದು ಹೊಳೆದಂಡೆಯಲ್ಲಿದ್ದರೆ
ಎರಡು ಕಣಜ ದವಸ, ಸುತ್ತು ಸುತ್ತಿಗೂ.

ನಕ್ಷೆ ನೋಡಿ ಎತ್ತಬೇಕಿತ್ತು.
ನನ್ನ ಊರೆಲ್ಲ ಗುಡ್ಡದ ನೆತ್ತಿ.
ಹೊಳೆಯುದ್ದಕ್ಕೂ ಕಾಲು ಚಾಚಿ ಕೂತವನು ಕಾಲಿನ್ ಆಕ್ರಾಯ್ಡ್,
ಮೂವತ್ತು ವರ್ಷ ಬರ್ನ್ಲಿ ಬಸ್ಸು ಓಡಿಸಿದವನು.

ಮೊದಲ ಬೋಧಕನನ್ನು ಅವನ ಗಡಿಗೆ ನೂಕಿದಾಗ
ತಡೆಯುತ್ತಾನೆ ಅಂದುಕೊಂಡಿದ್ದೆ.
ಅವನು ಬಿಸ್ಕತ್ತಿನ ಡಬ್ಬಿ ಈಚೆ ಸರಿಸಿ
“ಬಾರಮ್ಮ, ಇನ್ನೊಬ್ಬನನ್ನೂ ಕಳಿಸು” ಅಂದ.

ಆಮೇಲೆ ಕಳಿಸುವ ಕೆಲಸವೂ ಉಳಿಯಲಿಲ್ಲ.
ಉಪ್ಪಿನ ಗಾಡಿ ಹೋದ ದಾರಿಯಲ್ಲಿ ಬಿಲ್ಲೆ ತಾನೇ ಹೋಯಿತು,
ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಯಲ್ಲಿ ಸೀನಾಗುವ ಹಾಗೆ.
ಅವನ ಕೋಟೆ ಗೋಡೆ ಅದಕ್ಕೆ ಲೆಕ್ಕವಿಲ್ಲ,
ನಾವು ಯುದ್ಧ ಸಾರಿಕೊಂಡದ್ದೂ ಲೆಕ್ಕವಿಲ್ಲ.
ಐದು ಊರು ನೀಲಿ. ನನಗೆ ಐದು ನಾಣ್ಯ.
ಅವನಿಗೆ ಹತ್ತು ಕಣಜ.

ಕೊಟ್ಟವ್ವ ಕೊಟ್ಟಳು, ಕೊಟ್ಟಳು.
ಉಂಡ ಮಕ್ಕಳು ಬೆಳೆದರು, ಈಟಿ ಹಿಡಿದರು,
ಗುಡ್ಡ ಹತ್ತಿದರು.
ನನ್ನ ದೇವರು ಬಡಿಸಿದ ಅನ್ನದ ಕಸುವು
ನನ್ನ ಬಾಗಿಲನ್ನೇ ಒದೆಯಿತು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ
ಅಂತ ಗೊಣಗಿದೆ. ಏನಂದೆ ಅಂತ ಜುಬೈದಾ.
ಬಿಡಿಸಿ ಹೇಳಿದೆ. ಅವಳಜ್ಜಿಯ ಮೀರ್‌ಪುರಿಯಲ್ಲೂ ಇಂಥದೊಂದಿದೆಯಂತೆ,
ಅದರಲ್ಲಿ ಕತ್ತೆ ಬರುತ್ತದಂತೆ.

ಕೊಟ್ಟ ವರ ವಾಪಸು ತಗೊಳ್ಳಬಹುದೇ
ಅಂತ ನಿಯಮದ ಪುಸ್ತಕ ಹುಡುಕಿದೆ.
ಮೂವತ್ತೆಂಟನೇ ಪುಟ: ಇಲ್ಲ.
ಶಿವನಿಗೂ ಇದು ತಡವಾಗಿಯೇ ಗೊತ್ತಾದದ್ದು,
ಕೈ ನೆತ್ತಿಯ ಹತ್ತಿರ ಬರುವ ಹೊತ್ತಿಗೆ.

ಸೋತೆ. ನವೆಂಬರಿನ ಮಾತು.
ಆ ರಾತ್ರಿ ಪುಸ್ತಕ ಜಾರಿ ಪಾದಕ್ಕೆ ತಾಗಿತ್ತು;
ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ,
ಯೋಚಿಸಿ ಮಾಡಿದ್ದಲ್ಲ, ಕೈ ಮಾಡಿತು.
ಯಾರೂ ಏನೂ ಕೇಳಲಿಲ್ಲ. ಹೀಟರು ಟಿಕ್ ಅಂತಿತ್ತು.

ನಿನ್ನೆ ಕಾಲಿನ್‌ನ ಚೀಟಿಯೊಂದು ಬಿತ್ತು,
ಅವನ ಬೂಟಿನ ಕೆಳಗೇ.
ಯಾವುದೋ ರಸ್ತೆ ಅಗೆತಕ್ಕೆ ಕೌನ್ಸಿಲ್ಲನ್ನು ಬೈಯುತ್ತಿದ್ದವನು
ಅರ್ಧಕ್ಕೆ ನಿಲ್ಲಿಸಿ, ಕೆಟ್ಟ ಮಂಡಿ ಹಿಡಿದು ಬಗ್ಗಿ,
ಚೀಟಿ ಎತ್ತಿ, ಒಂದು ಸಲ ಕನ್ನಡಕಕ್ಕೆ ಒತ್ತಿ,
ಮತ್ತೆ ಬೈಯತೊಡಗಿದ.

ಇದು ಯಾವ ಗಾಡಿಯಲ್ಲಿ ಹೋಯಿತು?
ಇದಕ್ಕೆ ಅವನಿಗೆಷ್ಟು ಕಣಜ, ನನಗೆಷ್ಟು ನಾಣ್ಯ?
ನನ್ನ ಸರದಿ ಅಂತ ಜುಬೈದಾ ಮೊಣಕೈ ತಿವಿದಳು.

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ
ಮೇಲ್ದವಡೆಯ ಸೆಟ್ಟೊಂದನ್ನು ಬೆಳಕಿಗೆ ಹಿಡಿದು
ಈ ಸಲ ಸರಿಯಾಗಿ ಕೂರುತ್ತೆ ಅಂದೆ,
ಅಂದವಳೇ ಬೆಂಚಿನ ಮರ ಎರಡು ಸಲ ಕುಟ್ಟಿದೆ,
ನಮ್ಮಲ್ಲಿ ಯಾರೂ ಕುಟ್ಟಿದ್ದು ನೋಡಿಲ್ಲ.
ತಟ್ಟೆಯಲ್ಲಿದ್ದ ಬಿಡಿ ಹಲ್ಲುಗಳು ಕಟಕಟ ಅಂದವು.