ಅರ್ಧ ಕಪ್ ಚಾ

ಇಂದುಮತಿ ಬಾರಕೇರ ಅಕ್ಕಾರು ಮೊದಲ ಓಟು ಕೇಳತಿದ್ದಿಲ್ಲ,
ತೋಳು ಕೇಳತಿದ್ರು.
ಬೈನಾದ ಚಾಳಿನೊಳಗ ಹೊಸ್ತಿಲಕ್ಕ ಕುಂತು
ಕೂಸಿನ ಎಡಗೈ ಹಿಡಿದು ಪಟ್ಟಿ ಸುತ್ತತಿದ್ರು.
ಹಸರು ಬಂದ್ರ ನಗತಿದ್ರು, ಹಳದಿ ಬಂದ್ರ ಬರಕೋತಿದ್ರು,
ಕೆಂಪು ಬಂದ್ರ
ಏನೂ ಅನ್ನದ ಎದ್ದು ಅಡಗಿಮನಿ ಡಬ್ಬಿ ತಗದು ನೋಡತಿದ್ರು.
ನಾ ಹಿಂದ ತಕ್ಕಡಿ ಹೊತ್ತಾಕಿ.

ತಕ್ಕಡಿ ಅಂದ್ರ ಸ್ಪ್ರಿಂಗಿಂದು. ಬಾಗಲ ಚೌಕಟ್ಟಿಗೆ ತೂಗಬಿಟ್ಟು
ನೀಲಿ ಚಡ್ಡಿಯೊಳಗ ಕೂಸು ಇಟ್ರ
ಬಜಾರದಾಗ ಬಾಂಗಡೆ ತೂಗಿದಂಗ.
ಅವ್ವಂದಿರು ಕಣ್ಣು ಮುಚ್ಚತಿದ್ರು,
ಮುಳ್ಳು ನಿಲ್ಲೂತನಕ ಅಕ್ಕಾರು ಉಸುರು ಬಿಡತಿದ್ದಿಲ್ಲ.

ಧಾರವಾಡದಾಗ ಕಲ್ತಾಕಿ. ಬಂದರಿನ ದವಾಖಾನಿಯೊಳಗ
ಹನ್ನೊಂದು ವರ್ಷ ರೋಗಿಗಳ ತಾಟಿಗೆ ಲೆಕ್ಕ ಬರದಾಕಿ.
ಹಾಲಿನ ಪಾತೇಲಿಗೆ ಕಲ್ಲಿದ್ದಲ ಧೂಳು ಬೀಳತೈತಿ, ಅರಬಿ ಕಟ್ಟರೆವ್ವಾ,
ಅಂತ ಮನಿಮನಿ ಹೇಳಿ ಹೇಳಿ
ಒಂದಿನ ಅಂದ್ರು: "ಅರಬಿ ಎಷ್ಟ ದಿನ ಕಟ್ಟೂದು, ರಾಯವ್ವಾ?
ಧೂಳು ಹಾರಸಾವ್ರ ಜೋಡಿ ಮಾತಾಡಬೇಕು."
ಅಲ್ಲೇ, ಆ ಪಾತೇಲಿ ಮುಂದ, ಅಕ್ಕಾರು ರಾಜಕಾರಣಕ್ಕ ಇಳದ್ರು.

ಮೊದಲನೇ ಸಲ ಗುರುತು ಪ್ರೆಶರ್ ಕುಕ್ಕರ್.
ಎದುರಿನಾಂವ ಬಿರ್ಯಾನಿ ಹಂಡೆ ಇಳಿಸಿದಾ,
ನಾವು ಕುದಿಸಿದ ಶೇಂಗಾ ಹಂಚಿದ್ವಿ.
ಹನ್ನೆರಡು ಓಟಿಲೆ ಸೋತ್ವಿ.
"ಶೇಂಗಾ ಛಲೋ ಇದ್ದೂ, ಬಾಯಿ" ಅಂದ್ರು ಮಂದಿ,
ಬಿರ್ಯಾನಿ ಉಂಡ ಬಾಯಿ ಒರಸಿಕೋತ.

ಎರಡನೇ ಸಲ ಶೇಂಗಾ ಬಿಟ್ರು, ಚಾ ಹಿಡದ್ರು.
ಗದಗಿನಾವ್ರ ಮನಿ, ಕುಮಟಾದಾವ್ರ ಮನಿ,
ನಮ್ಮನ್ನ ಘಾಟಿ ಅನ್ನೂ ಫಿಲೋಮೆನಾ ಬಾಯಾರ ಮನಿ ಸುದ್ದಾ.
ಚಾ ಬ್ಯಾಡ ಅಂದ್ರ ಆ ಮನೀನ ಬ್ಯಾಡ ಅಂದಂಗ.
"ಅರ್ಧ ಕಪ್ ಸಾಕು" ಅಂತಿದ್ರು.
ಕೊಡಾವ್ರು ಅರ್ಧ ಕಪ್ಪಿಗೂ ಪೂರಾ ಕಪ್ಪಿನ ಸಕ್ಕರಿ ಹಾಕತಿದ್ರು, ಪ್ರೀತಿಲೆ.
ದಿನಕ್ಕ ನಲವತ್ತು ಮನಿ. ಕತ್ತಲಾದ ಮ್ಯಾಲ ಪಾವಟಗಿ ಮ್ಯಾಲ ಕುಂತು
ಮತದಾರರ ಯಾದಿ ಹಿಂದ ಗುಣಾಕಾರ ಮಾಡತಿದ್ರು:
ಎಷ್ಟು ಚಮಚೆ, ಎಷ್ಟು ಕ್ಯಾಲರಿ.
ಹಾಳಿ ಹೊಳ್ಳಿಸಿದ್ರ ಯಾರು ನಮ್ಮವ್ರು, ಯಾರು ಅಲ್ಲ.

ಗೆದ್ರು. ಹತ್ತು ವರ್ಷ ನಗರಸಭೆಯೊಳಗ ಕುಂತ್ರು.
ಏನ ಮಾಡಿದ್ರು ಅಂದ್ರ, ಧೂಳು ಹಂಗ ಐತಿ, ಸುಳ್ಳ್ಯಾಕ.
ನಳ ಎರಡು ತಂದ್ರು. ಗಟಾರ ಮುಚ್ಚಿಸಿದ್ರು.
ಅಂಗನವಾಡಿಗೆ ಹುಳ ಹತ್ತಿದ ಹೆಸರು ಬಂದ ದಿನ
ಚೀಲ ನನ್ನ ತಲಿ ಮ್ಯಾಲ ಹೊರಿಸಿಕೊಂಡು ಹೋಗಿ
ಅಧ್ಯಕ್ಷರ ಟೇಬಲ್ ಮ್ಯಾಲ ಸುರವಿದ್ರು.
ಗುತ್ತಿಗಿ ಅಧ್ಯಕ್ಷರ ಅಳಿಯಂದು.
ಮುಂದಿನ ಸಲ ಪ್ಯಾನೆಲ್ಲಿನಾಗ ಅಕ್ಕಾರ ಹೆಸರಿದ್ದಿಲ್ಲ.

ಇದು ಪೇಪರಿನಾಗ ಬಂತು. ಬರದ ಇದ್ದದ್ದ ನಾ ಹೇಳತೀನಿ:
ಹಿಂದಿನ ವರ್ಷ ಅದ ಗುತ್ತಿಗಿಗೆ
ಅಕ್ಕಾರೂ ಕೈ ಎತ್ತಿದ್ರು.
ಗಟಾರಕ್ಕ ರೊಕ್ಕ ಬೇಕಾಗಿತ್ತು.

ಈಗ ಸಕ್ಕರಿ ಬ್ಯಾನಿ.
ಅದ ದವಾಖಾನಿ, ಅದ ಖೋಲಿ; ಒಬ್ಬಾಕಿ ಸಣ್ಣ ಹುಡಿಗಿ
"ಏನ ತಿನಬೇಕು, ಏನ ತಿನಬಾರದು" ಅಂತ ಹಾಳಿ ಕೊಟ್ಲು.
ಅಕ್ಕಾರು ಓದಿದ್ರು, ನಕ್ರು.
ತಾವ ಬರದದ್ದು. ಮೆಂತೆ ಅನ್ನೂದ್ರಾಗಿನ ತಪ್ಪು ಸುದ್ದಾ ಹಂಗ ಛಾಪಿಸ್ಯಾರ.

ಬರೂಮುಂದ ಚಾಳಿನಾಗ ಯಾರೋ ಕರದ್ರು,
"ಬಾಯಾರ, ಚಾ ಕುಡದು ಹೋಗ್ರಿ."
ಚುನಾವಣಿ ಇಲ್ಲ ಈಗ, ಒಲ್ಲೆ ಅನಬೋದಿತ್ತು.
ಕುಂತ್ರು. ಕಪ್ ತಗೊಂಡ್ರು.
ಬಾಜೂಕ ಒಂದು ಕೂಸು ತೆವಕೋತ ಬಂತು;
ಪಟ್ಟಿ ಇಲ್ಲ, ಹೆಬ್ಬಟ್ಟು ಮತ್ತ ಬೆರಳಿನಾಗ ಅದರ ತೋಳು ಹಿಡದ್ರು,
ಎದ್ರು,
ಡಬ್ಬಿ ಒಂದೊಂದ ತಗಿಯಾಕ ಹತ್ತಿದ್ರು.

ಚಾದ ಮ್ಯಾಲ ಕೆನಿ ಕಟ್ಟಿತು,
ಕೆನಿ ಮ್ಯಾಲ ಧೂಳು.